ಆಸ್ಪತ್ರೆಯ 1.5 ಟೆಸ್ಲಾ ಎಂಆರ್‌ಐನಲ್ಲಿ ಇಲಿಯ ಮಿದುಳು ಗೆಡ್ಡೆ ನೋಡಬಹುದಾ?

ಮಡಿಕೇರಿ_ಫಾರ್ಮಾ:
ವಿಸ್ಟಾರ್ ತಳಿಯ ಇಲಿಗಳ ಮಿದುಳಿಗೆ ಸಿ6 ಗ್ಲಿಯೋಮಾ (ಮಿದುಳು ಕ್ಯಾನ್ಸರ್) ಕೋಶ ಹಾಕಿ ಗೆಡ್ಡೆ ಬೆಳೆಯೋದನ್ನ ವಾರಕ್ಕೊಮ್ಮೆ ಅಳೀಬೇಕು. ಎಥಿಕ್ಸ್ ಕಮಿಟಿ ಒಪ್ಪಿಗೆ ಇದೆ. ಪ್ರಾಣಿಗಳಿಗೇ ಅಂತ ಇರೋ 7 ಟೆಸ್ಲಾ ಮಷೀನ್ ಜಿಲ್ಲೇಲಿಲ್ಲ, ಇಲ್ಲಿ ರಾತ್ರಿ ಹೊತ್ತು ಮನುಷ್ಯರ ಮಷೀನ್ ಸಿಗುತ್ತೆ. ಹೆಡ್ ಕಾಯಿಲ್‌ನಲ್ಲಿ (ತಲೆ ಸುತ್ತ ಇಟ್ಟು ಸಿಗ್ನಲ್ ಹಿಡಿಯೋ ಭಾಗ) ಚಿತ್ರ ರವೆ ರವೆಯಾಗಿ ಬರ್ತಿದೆ. ಸಾಲದ್ದಕ್ಕೆ ಈ ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಚಳೀಲಿ ಇಲಿ ಅರಿವಳಿಕೆಯಿಂದ ಎಚ್ಚರ ಆಗೋದೂ ತಡ.

ಕುಶಾಲನಗರ_ಎಂಆರ್‌ಟೆಕ್:
ಹೆಡ್ ಕಾಯಿಲ್ ಬಿಟ್ಟುಬಿಡಿ ಸರ್. ಇಲಿ ಮಿದುಳು ಎರಡು ಸೆಂಟಿಮೀಟರ್ ಚಿಲ್ಲರೆ. ಅಷ್ಟು ದೊಡ್ಡ ಕಾಯಿಲ್ ಹಿಡಿಯೋದು ನಾಯ್ಸನ್ನೇ. ಮಣಿಕಟ್ಟಿಗೆ ಅಂತ ಇರೋ ಚಿಕ್ಕ ರಿಸ್ಟ್ ಕಾಯಿಲ್ ಹಾಕಿ. ಮಷೀನ್ ಸೆಟ್ಟಿಂಗ್ ಟಿ2 ಟರ್ಬೋ ಸ್ಪಿನ್ ಎಕೋ: ಟಿಆರ್ 4000 ಮಿಲಿಸೆಕೆಂಡ್, ಟಿಇ 90 ಮಿಲಿಸೆಕೆಂಡ್, ಎಕೋ ಟ್ರೈನ್ 12, ಎಫ್‌ಒವಿ (ಚಿತ್ರದ ಅಗಲ) 50 ಮಿ.ಮೀ., ಮ್ಯಾಟ್ರಿಕ್ಸ್ 256, ಸ್ಲೈಸ್ (ಪದರದ ದಪ್ಪ) 1.5 ಮಿ.ಮೀ., ಗ್ಯಾಪ್ ಸೊನ್ನೆ, ಆವರೇಜ್ (ಅದನ್ನೇ ಎಷ್ಟು ಸಲ ಅಳೆಯೋದು) 6. ಸುಮಾರು 9 ನಿಮಿಷ ಹಿಡಿಯುತ್ತೆ. ಸ್ಲೈಸ್ 1 ಮಿ.ಮೀ.ಗೆ ಇಳಿಸೋ ಆಸೆ ಬರುತ್ತೆ, ಆದ್ರೆ ಮೂರನೇ ಒಂದು ಭಾಗ ಸಿಗ್ನಲ್ ಹೋಗುತ್ತೆ. ಅದನ್ನ ತುಂಬೋಕೆ ಆವರೇಜ್ ಏರಿಸಿದ್ರೆ 20 ನಿಮಿಷ. ಫೇಸ್ ದಿಕ್ಕು (ಅಲ್ಲಾಟದ ನೆರಳು ಹರಡೋ ದಿಕ್ಕು) ಎಡ-ಬಲ ಇರಲಿ. ಮೇಲೆ-ಕೆಳಗೆ ಇಟ್ರೆ ಗಂಟಲು, ದವಡೆ ಅಲ್ಲಾಡಿದ್ದರ ನೆರಳು ನೇರ ಮಿದುಳಿನ ಮೇಲೇ ಬೀಳುತ್ತೆ. ಕಿವಿಗೆ ಲೋಹದ ಟ್ಯಾಗ್ ಇದ್ರೆ ಮೊದಲೇ ತೆಗೀರಿ.

ಇಲಿ ಇಷ್ಟು ಚಿಕ್ಕದಾದ್ರೆ ಪ್ರೀಸ್ಕ್ಯಾನ್ (ಸ್ಕ್ಯಾನಿಗೆ ಮೊದಲು ಮಷೀನ್ ತಾನೇ ಹೊಂದಿಸಿಕೊಳ್ಳೋದು) ಫೇಲ್ ಆಗೋದುಂಟು. 50 ಮಿ.ಲೀ. ಪ್ಲಾಸ್ಟಿಕ್ ಸಿರಿಂಜಿಗೆ ಸಲೈನ್ ತುಂಬಿ, ಸೂಜಿ ಇಲ್ಲದೆ ಮುಚ್ಚಿ, ಎರಡೂ ಪಕ್ಕ ಇಡಿ. ಕಾಯಿಲ್‌ಗೆ ಲೋಡ್ ಸಿಗುತ್ತೆ.

ಗೋಣಿಕೊಪ್ಪ_ವೆಟ್:
ಆ ಸಿರಿಂಜುಗಳನ್ನ 38-40 ಡಿಗ್ರಿಗೆ ಬೆಚ್ಚಗೆ ಮಾಡಿ ಗಾಜ್ ಸುತ್ತಿ ಇಡಿ, ನಿಮ್ಮ ಎರಡನೇ ತೊಂದರೆಯೂ ನೀಗುತ್ತೆ. ಕಕ್ಕಡದ ಮೇಲೆ ತಪ್ಪು ಹೊರಿಸಬೇಡಿ, ಸ್ಕ್ಯಾನ್ ರೂಮಿನ ಏಸಿ ಬೇಸಿಗೇಲೂ ಅಷ್ಟೇ ತಣ್ಣಗಿರುತ್ತೆ. ಕೆಟಮಿನ್-ಜೈಲಜಿನ್ ಅರಿವಳಿಕೆ ಕೊಟ್ಟ ಇಲಿಗೆ ಮೈಬಿಸಿ ಕಾಪಾಡ್ಕೊಳ್ಳೋಕಾಗಲ್ಲ. ಮೈ ತಣ್ಣಗಾದ್ರೆ ಮದ್ದು ಕರಗೋದೂ ನಿಧಾನ, ಏಳೋದೂ ನಿಧಾನ. ಮಧ್ಯೆ ಡೋಸ್ ಬೇಕಾದ್ರೆ ಕೆಟಮಿನ್ ಮಾತ್ರ, ಮೊದಲ ಡೋಸಿನ ಮೂರನೇ ಒಂದು ಭಾಗ. ಕಣ್ಣಿಗೆ ಮುಲಾಮು ಮರೀಬೇಡಿ. ಉಸಿರಲ್ಲಿ ಕೊಡೋ ಅರಿವಳಿಕೆ ಐಸೋಫ್ಲುರೇನ್‌ಗೆ ಹೋಗೋದಾದ್ರೆ ವೇಪರೈಸರ್, ಸ್ಟೀಲ್ ಸಿಲಿಂಡರ್ ಎರಡೂ ರೂಮಿನ ಹೊರಗೇ ಇರಲಿ, ಒಳಕ್ಕೆ ಉದ್ದ ಟ್ಯೂಬ್ ಮಾತ್ರ.

ಮಡಿಕೇರಿ_ಫಾರ್ಮಾ:
ಚಿತ್ರದಲ್ಲಿ ಗೆಡ್ಡೆ ಬೆಳಗಿಸೋ ಗ್ಯಾಡೋಲಿನಿಯಂ ಎಷ್ಟು? ಇಲಿ 250 ಗ್ರಾಂ, ಬಾಲದ ರಕ್ತನಾಳಕ್ಕೆ ಒಂದೂವರೆ ಮೀಟರ್ ಟ್ಯೂಬ್, ಒಳವ್ಯಾಸ 0.58 ಮಿ.ಮೀ.

ಕುಶಾಲನಗರ_ಎಂಆರ್‌ಟೆಕ್:
ಕೆ.ಜಿ.ಗೆ 0.1 ಮಿಲಿಮೋಲ್ ಲೆಕ್ಕದಲ್ಲಿ, 0.5 ಮೋಲಾರ್ ಬಾಟ್ಲಿಯಿಂದ 0.05 ಮಿ.ಲೀ. ಸಲೈನ್ ಸೇರಿಸಿ 0.25 ಮಾಡಿಕೊಳ್ಳಿ. ಆದ್ರೆ ಆ ಟ್ಯೂಬೇ 0.4 ಮಿ.ಲೀ. ಹಿಡಿಯುತ್ತೆ ನೋಡಿ. ಹಿಂದೆಯೇ 0.5 ಮಿ.ಲೀ. ಸಲೈನ್ ತಳ್ಳದಿದ್ರೆ ಒಂದು ಹನಿಯೂ ಇಲಿಗೆ ಸೇರಲ್ಲ, ನೀವು ಗೆಡ್ಡೆ ಬೆಳಗಲಿಲ್ಲ ಅಂತ ಬರೀತೀರಿ.

ವಿರಾಜಪೇಟೆ_ಪ್ಯಾಥ್:
ಸ್ಕ್ಯಾನ್ ವಿಷಯ ಅಲ್ಲ, ಆದ್ರೂ ಹೇಳ್ತೀನಿ. ಸಿ6 ಗೆಡ್ಡೆಯನ್ನ ವಿಸ್ಟಾರ್ ಇಲಿಯ ರೋಗನಿರೋಧಕ ವ್ಯವಸ್ಥೆ ಹೊರಗಿನದು ಅಂತ ಗುರುತು ಹಿಡಿಯುತ್ತೆ, ಔಷಧಿ ಇಲ್ಲದೆಯೂ ಕೆಲವು ತಾವೇ ಕುಗ್ಗುತ್ತವೆ. ಫಿಶರ್ ತಳಿಯ ಇಲಿ ಸಿಕ್ಕಿದ್ರೆ ಎಫ್98 ಗೆಡ್ಡೆ ಕೋಶ ವಾಸಿ. ಸಿ6 ಅನ್ನೇ ಮುಂದುವರಿಸೋದಾದ್ರೆ ಔಷಧಿ ಕೊಡದ ಗುಂಪನ್ನೂ ಅದೇ ದಿನ, ಅದೇ ಸೆಟ್ಟಿಂಗ್‌ನಲ್ಲಿ ಸ್ಕ್ಯಾನ್ ಮಾಡಿ.