ಮೆಚ್ಚಿನ ಚಾಂಪಿಯನ್ ಸೋಲತೊಡಗಿದಾಗ ಟೆನಿಸ್ ನೋಡುವುದು ಹೇಗೆ? ಅನುಭವ ಇದ್ದವರು ತಿಳಿಸಿ

ಕೇಳಿದವರು

ನನಗೆ ಟೆನಿಸ್ ಪರಿಚಯವಾದದ್ದೇ ನೊವಾಕ್ ಜೊಕೊವಿಚ್ ಅವರ ಆಟದಿಂದ. ಅವರ 24 ಗ್ರ್ಯಾನ್ ಸ್ಲಾಮ್ ಪ್ರಶಸ್ತಿಗಳಲ್ಲಿ ಕೊನೆಯದು 2023ರ ಅಮೆರಿಕ ಓಪನ್. ಈಗ 2025ರ ಋತು ಮುಗಿದಿದೆ. ಈ ವರ್ಷ ನಾಲ್ಕೂ ಗ್ರ್ಯಾನ್ ಸ್ಲಾಮ್‌ಗಳಲ್ಲಿ ಅವರು ಸೆಮಿಫೈನಲ್ ತಲುಪಿದರು, ನಾಲ್ಕರಲ್ಲೂ ಅಲ್ಲಿಂದ ಮುಂದಕ್ಕೆ ಹೋಗಲಾಗಲಿಲ್ಲ. ಮೆಲ್ಬರ್ನ್‌ನಲ್ಲಿ ಅವರು ಗಾಯದಿಂದಾಗಿ ಒಂದು ಸೆಟ್ ಮುಗಿಯುತ್ತಲೇ ಹಿಂದೆ ಸರಿದಾಗ ಕೆಲವು ಪ್ರೇಕ್ಷಕರು ಮೂದಲಿಸಿ ಕೂಗಿದ್ದು ನನ್ನನ್ನು ಇನ್ನೂ ನೋಯಿಸುತ್ತದೆ. ಪ್ಯಾರಿಸ್ ಮತ್ತು ವಿಂಬಲ್ಡನ್‌ನಲ್ಲಿ ಯಾನಿಕ್ ಸಿನ್ನರ್ ಎದುರು, ನ್ಯೂಯಾರ್ಕ್‌ನಲ್ಲಿ ಕಾರ್ಲೊಸ್ ಅಲ್ಕರಾಜ್ ಎದುರು ಅವರಿಗೆ ಒಂದು ಸೆಟ್ ಕೂಡ ದಕ್ಕಲಿಲ್ಲ. ತಮ್ಮ ಮೆಚ್ಚಿನ ಆಟಗಾರರ ಇಳಿಗಾಲವನ್ನು ಕಂಡವರು ಇಲ್ಲಿ ಅನೇಕರಿದ್ದೀರಿ. ನೀವು ಅದನ್ನು ಹೇಗೆ ನೋಡಿದಿರಿ? ಅವರು ಮೊದಲೇ ನಿವೃತ್ತರಾಗಬೇಕಿತ್ತು ಎಂದು ಅನಿಸಿತೇ? ಅವರು ಹೋದ ಮೇಲೆ ಈ ಆಟದಲ್ಲಿ ನಿಮಗೆ ನೋಡುವುದಕ್ಕೆ ಏನಾದರೂ ಉಳಿಯಿತೇ?

ಫೆಡರರ್ ಅಭಿಮಾನಿ

ರೋಜರ್ ಫೆಡರರ್ ಅವರ ಕಾಲ ಮುಗಿಯಿತೆಂದು ಎಲ್ಲೆಡೆ ಬರೆದದ್ದು 2013ರಲ್ಲಿ. ಅವರು ಕೊನೆಯ ಸಿಂಗಲ್ಸ್ ಪಂದ್ಯ ಆಡಿದ್ದು 2021ರ ವಿಂಬಲ್ಡನ್‌ನಲ್ಲಿ. ನಡುವಿನ ಎಂಟು ವರ್ಷಗಳನ್ನು ನಾನು ಬಿಡದೆ ನೋಡಿದ್ದೇನೆ, ಆ ಆಧಾರದ ಮೇಲೆಯೇ ನಿಮಗೆ ಉತ್ತರಿಸುತ್ತಿದ್ದೇನೆ.

2013ರ ವಿಂಬಲ್ಡನ್‌ನ ಎರಡನೇ ಸುತ್ತಿನಲ್ಲಿ ಅವರು 116ನೇ ಕ್ರಮಾಂಕದ ಸೆರ್ಗಿಯ್ ಸ್ತಾಖೋವ್‌ಸ್ಕಿ ಅವರಿಗೆ ಸೋತಾಗ, ಸತತ 36 ಗ್ರ್ಯಾನ್ ಸ್ಲಾಮ್‌ಗಳಲ್ಲಿ ಕ್ವಾರ್ಟರ್ ಫೈನಲ್ ತಲುಪಿದ್ದ ಅವರ ಸರಣಿ ತುಂಡಾಯಿತು. ಬೆನ್ನುನೋವು ಇತ್ತು, ವಯಸ್ಸು 32ರ ಹತ್ತಿರ ಬಂದಿತ್ತು. ಇಂಥ ಹೊತ್ತಿನಲ್ಲಿ ಬಹುತೇಕ ಆಟಗಾರರು ಹಳೆಯದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಫೆಡರರ್ ಮಾತ್ರ ವರ್ಷಾನುಗಟ್ಟಲೆ ಬಳಸಿದ್ದ 90 ಚದರ ಇಂಚಿನ ರ‍್ಯಾಕೆಟ್ ಕೈಬಿಟ್ಟು 97 ಚದರ ಇಂಚಿನದಕ್ಕೆ ಬದಲಾದರು, ಬ್ಯಾಕ್‌ಹ್ಯಾಂಡನ್ನು ಇನ್ನಷ್ಟು ಮುಂದೆ ಬಂದು, ಚೆಂಡು ಮೇಲೇಳುವಾಗಲೇ ಹೊಡೆಯುವುದನ್ನು ರೂಢಿಸಿಕೊಂಡರು. ಆದರೂ ಫಲ ಕೂಡಲೇ ಸಿಗಲಿಲ್ಲ. 2014 ಮತ್ತು 2015ರ ವಿಂಬಲ್ಡನ್ ಫೈನಲ್‌ಗಳನ್ನೂ 2015ರ ಅಮೆರಿಕ ಓಪನ್ ಫೈನಲನ್ನೂ ಅವರು ಸೋತದ್ದು ನಿಮ್ಮ ಜೊಕೊವಿಚ್ ಅವರಿಗೇ. 2016ರಲ್ಲಿ ಮೊಣಕಾಲಿನ ತೊಂದರೆಯಿಂದ ಆರು ತಿಂಗಳು ಆಟದಿಂದ ದೂರ ಉಳಿದು, 2017ರ ಆಸ್ಟ್ರೇಲಿಯನ್ ಓಪನ್‌ಗೆ 17ನೇ ಶ್ರೇಯಾಂಕದಲ್ಲಿ ಬಂದರು. ಫೈನಲ್‌ನ ಐದನೇ ಸೆಟ್‌ನಲ್ಲಿ ನಡಾಲ್ ಎದುರು 1–3ರಿಂದ ಹಿಂದಿದ್ದವರು ಸತತ ಐದು ಗೇಮ್ ಗೆದ್ದರು. ಅದೇ ವರ್ಷ ಒಂದೂ ಸೆಟ್ ಕಳೆದುಕೊಳ್ಳದೆ ವಿಂಬಲ್ಡನ್ ಗೆದ್ದರು, ಮರುವರ್ಷ 36ನೇ ವಯಸ್ಸಿನಲ್ಲಿ ಮತ್ತೆ ಅಗ್ರ ಕ್ರಮಾಂಕಕ್ಕೇರಿದರು.

ಹಾಗೆಂದು ಜೊಕೊವಿಚ್ ಅವರೂ ಹೀಗೆಯೇ ಮರಳುತ್ತಾರೆ ಎಂದು ನಾನು ಭರವಸೆ ಕೊಡುತ್ತಿಲ್ಲ. ಅವರಿಗೀಗ 38 ವರ್ಷ. ಐದು ಸೆಟ್‌ಗಳ ಪಂದ್ಯಗಳಲ್ಲಿ ಸಿನ್ನರ್ ಮತ್ತು ಅಲ್ಕರಾಜ್ ಅವರನ್ನು ಮಣಿಸುವುದು ಕಷ್ಟವೆಂದು ಅಮೆರಿಕ ಓಪನ್ ಸೋಲಿನ ಬಳಿಕ ಅವರೇ ಒಪ್ಪಿಕೊಂಡರು. ಚಾಂಪಿಯನ್ನರಲ್ಲಿ ಏನು ಮೊದಲು ಕುಂದುತ್ತದೆ ಎಂಬುದನ್ನು ನೀವು ಗಮನಿಸಬೇಕು ಎಂಬುದಷ್ಟೇ ನನ್ನ ಸಲಹೆ. ಹೊಡೆತದ ಕೌಶಲ ಬಹಳ ಕಾಲ ಉಳಿಯುತ್ತದೆ. ಮೊದಲು ಕಡಿಮೆಯಾಗುವುದು ಒಂದು ಪಂದ್ಯದಿಂದ ಇನ್ನೊಂದಕ್ಕೆ ದೇಹ ಚೇತರಿಸಿಕೊಳ್ಳುವ ವೇಗ. ಎರಡು ವಾರಗಳಲ್ಲಿ ಏಳು ಪಂದ್ಯ ಆಡಬೇಕಾದಾಗ ಮೊದಲ ನಾಲ್ಕೈದರಲ್ಲಿ ಕಾಣದ ದಣಿವು ಆರನೆಯದರಲ್ಲಿ, ಅಂದರೆ ಸೆಮಿಫೈನಲ್‌ನಲ್ಲಿ, ಕಾಲುಗಳಿಗೆ ಬಂದು ಕೂರುತ್ತದೆ. ಜೊಕೊವಿಚ್ ಅವರ ಈ ವರ್ಷದ ನಾಲ್ಕು ಸೋಲುಗಳೂ ಸೆಮಿಫೈನಲ್‌ನಲ್ಲೇ ಬಂದದ್ದು ಇದಕ್ಕೆ ಹೊಂದುತ್ತದೆ. ಆಮೇಲೆ ಸರ್ವ್ ಹಿಂತಿರುಗಿಸುವಾಗಿನ ಮೊದಲ ಹೆಜ್ಜೆ ನಿಧಾನವಾಗುತ್ತದೆ, ದೀರ್ಘ ರ‍್ಯಾಲಿಗಳನ್ನು ತಪ್ಪಿಸಲು ಆಟಗಾರ ಬೇಗನೆ ಅಪಾಯದ ಹೊಡೆತಕ್ಕೆ ಹೋಗುತ್ತಾನೆ. ಇದು ತಿಳಿದ ಮೇಲೆ ನಾನು ಅಂಕಪಟ್ಟಿಯನ್ನು ಕಡಿಮೆ, ಆಟವನ್ನು ಹೆಚ್ಚು ನೋಡತೊಡಗಿದೆ.

2019ರ ವಿಂಬಲ್ಡನ್ ಫೈನಲ್ ಬಗ್ಗೆ ಒಂದು ಮಾತು ಸೇರಿಸಲೇಬೇಕು. 37ರ ಫೆಡರರ್ ಐದನೇ ಸೆಟ್‌ನಲ್ಲಿ 8–7ರಲ್ಲಿ ಮುಂದಿದ್ದು, ತಮ್ಮದೇ ಸರ್ವ್‌ನಲ್ಲಿ ಎರಡು ಚಾಂಪಿಯನ್‌ಷಿಪ್ ಪಾಯಿಂಟ್ (ಒಂದನ್ನು ಗೆದ್ದರೂ ಪ್ರಶಸ್ತಿ ಕೈಸೇರುವ ಅವಕಾಶ) ಪಡೆದು, ಎರಡನ್ನೂ ಕಳೆದುಕೊಂಡರು. ಒಟ್ಟು ಪಾಯಿಂಟ್‌ಗಳಲ್ಲಿ ಅವರದು 218, ಜೊಕೊವಿಚ್ ಅವರದು 204. ಮೂರು ಟೈಬ್ರೇಕ್‌ಗಳೂ ಜೊಕೊವಿಚ್ ಪಾಲಾದವು. ಆ ಸೋಲನ್ನು ನಾನು ಇಂದಿಗೂ ಅರಗಿಸಿಕೊಂಡಿಲ್ಲ. ಆದರೆ ಅವರು 2018ರಲ್ಲೇ ನಿವೃತ್ತರಾಗಿದ್ದರೆ ನಾನು ಕಂಡ ಅತ್ಯುತ್ತಮ ಪಂದ್ಯಗಳಲ್ಲಿ ಒಂದು ನಡೆಯುತ್ತಲೇ ಇರಲಿಲ್ಲ.

ಸಾಂಪ್ರಾಸ್ ಕಾಲದಿಂದ ನೋಡುತ್ತಿರುವವರು

‘ಶಿಖರದಲ್ಲಿದ್ದಾಗಲೇ ಹೋಗಬೇಕು’ ಎನ್ನುವವರಿಗೆ ಆ ಶಿಖರ ಎಲ್ಲಿತ್ತೆಂದು ಗೊತ್ತಾಗುವುದು ಎಲ್ಲವೂ ಮುಗಿದ ಮೇಲೆ. ಪೀಟ್ ಸಾಂಪ್ರಾಸ್ 2000ದ ವಿಂಬಲ್ಡನ್ ಗೆದ್ದ ಬಳಿಕ ಎರಡು ವರ್ಷಕ್ಕೂ ಹೆಚ್ಚು ಕಾಲ ಒಂದು ಪ್ರಶಸ್ತಿಯನ್ನೂ ಗೆಲ್ಲಲಿಲ್ಲ. 2002ರ ವಿಂಬಲ್ಡನ್‌ನಲ್ಲಿ ಎರಡನೇ ಸುತ್ತಿನಲ್ಲೇ ಜಾರ್ಜ್ ಬಾಸ್ಟ್ಲ್ ಅವರಿಗೆ ಸೋತಾಗ, ಇವರು ಇನ್ನೂ ಏಕೆ ಆಡುತ್ತಿದ್ದಾರೆ ಎಂದು ಕೇಳದವರಿರಲಿಲ್ಲ. ಆ ಬೇಸಿಗೆ ಮುಗಿಯುವಷ್ಟರಲ್ಲಿ ಅವರು 17ನೇ ಶ್ರೇಯಾಂಕದ ಆಟಗಾರರಾಗಿ ಅಮೆರಿಕ ಓಪನ್‌ಗೆ ಬಂದು, ಫೈನಲ್‌ನಲ್ಲಿ ಆಂಡ್ರೆ ಅಗಾಸ್ಸಿ ಅವರನ್ನು ಸೋಲಿಸಿ 14ನೇ ಗ್ರ್ಯಾನ್ ಸ್ಲಾಮ್ ಗೆದ್ದರು. ಆಮೇಲೆ ಒಂದೂ ಅಧಿಕೃತ ಪಂದ್ಯ ಆಡಲಿಲ್ಲ. ಹೊರಗಿನವರ ಮಾತು ಕೇಳಿ ಜುಲೈನಲ್ಲೇ ಹೊರಟಿದ್ದರೆ ಈ ಅಂತ್ಯ ಅವರಿಗೆ ದಕ್ಕುತ್ತಿರಲಿಲ್ಲ.

ಬೇಗ ಹೋದವರ ಕಥೆ ಯಾವಾಗಲೂ ಸುಖಾಂತವಾಗುತ್ತದೆ ಎಂದೂ ಹೇಳಲಾಗದು. ಬ್ಯೋನ್ ಬೋರ್ಗ್ 26ನೇ ವಯಸ್ಸಿನಲ್ಲೇ ಆಟ ಬಿಟ್ಟರು. 1991ರಲ್ಲಿ, ಉಳಿದವರೆಲ್ಲ ಗ್ರ್ಯಾಫೈಟ್ ರ‍್ಯಾಕೆಟ್‌ಗಳಿಗೆ ಬದಲಾಗಿದ್ದ ಕಾಲದಲ್ಲಿ, ಮಾಂಟೆ ಕಾರ್ಲೊಗೆ ಹಳೆಯ ಮರದ ರ‍್ಯಾಕೆಟ್ ಹಿಡಿದು ಮರಳಿ ಬಂದು ಮೊದಲ ಪಂದ್ಯದಲ್ಲೇ ಸೋತರು. ಯಾವಾಗ ನಿಲ್ಲಿಸಬೇಕು ಎಂಬ ತೀರ್ಮಾನ ಆಟಗಾರನದು. ಅಭಿಮಾನಿಗಳಾದ ನಾವು ನಮ್ಮ ನೆನಪುಗಳು ಕೆಡದಿರಲೆಂಬ ಆಸೆಯಿಂದ ಅವರನ್ನು ಮನೆಗೆ ಕಳುಹಿಸಲು ಹೊರಡುತ್ತೇವೆ, ಅದು ನ್ಯಾಯವಲ್ಲ.

ಸೆರೆನಾ ಅಭಿಮಾನಿ

ತಾಯಿಯಾದ ಮೇಲೆ ಸೆರೆನಾ ವಿಲಿಯಮ್ಸ್ ನಾಲ್ಕು ಗ್ರ್ಯಾನ್ ಸ್ಲಾಮ್ ಫೈನಲ್ ಆಡಿದರು, ನಾಲ್ಕನ್ನೂ ನೇರ ಸೆಟ್‌ಗಳಲ್ಲಿ ಸೋತರು. ದಾಖಲೆಯನ್ನು ಸರಿಗಟ್ಟುವ 24ನೇ ಗ್ರ್ಯಾನ್ ಸ್ಲಾಮ್ ಪ್ರಶಸ್ತಿಯ ಲೆಕ್ಕವನ್ನು ವೀಕ್ಷಕ ವಿವರಣೆಗಾರರು ಪ್ರತಿ ಪಂದ್ಯದಲ್ಲೂ ಎತ್ತುತ್ತಿದ್ದರಿಂದ, ನಲವತ್ತರ ಸಮೀಪದ ಒಬ್ಬ ತಾಯಿ ವಿಶ್ವದ ಅತ್ಯುತ್ತಮರೊಡನೆ ಫೈನಲ್ ಆಡುತ್ತಿದ್ದಾರೆ ಎಂಬ ಸಂಗತಿ ನಮಗೆ ಕಾಣದೇ ಹೋಯಿತು. 2022ರ ಅಮೆರಿಕ ಓಪನ್‌ನಲ್ಲಿ ಅವರು ವಿಶ್ವದ ಎರಡನೇ ಕ್ರಮಾಂಕದ ಆ್ಯನೆಟ್ ಕೊಂಟಾವೀಟ್ ಅವರನ್ನು ಸೋಲಿಸಿದರು. ಮುಂದಿನ ಸುತ್ತಿನಲ್ಲಿ ಆಯ್ಲಾ ಟೊಮ್ಲಾನೊವಿಚ್ ಎದುರು ಸೋಲುವ ಮುನ್ನ ಐದು ಮ್ಯಾಚ್ ಪಾಯಿಂಟ್‌ಗಳನ್ನು ಉಳಿಸಿಕೊಂಡರು. ದಾಖಲೆಯ ಲೆಕ್ಕ ಹೇಳುವ ವಿವರಣೆಯ ಧ್ವನಿಯನ್ನು ನಿಲ್ಲಿಸಿ ಪಂದ್ಯ ನೋಡಿ. ನನಗೆ ಇದರಿಂದ ನಿಜವಾಗಿ ಉಪಯೋಗವಾಯಿತು.

ನಡಾಲ್ ಅಭಿಮಾನಿ

ಮೇಲಿನವರ ಮಾತನ್ನು ಗೌರವಿಸುತ್ತಲೇ ಬೇರೆಯದನ್ನು ಹೇಳುತ್ತೇನೆ. ರಫೆಲ್ ನಡಾಲ್ ಅವರ ಕೊನೆಯ ಎರಡು ವರ್ಷಗಳನ್ನು ನೋಡುವ ಶಕ್ತಿ ನನಗಿರಲಿಲ್ಲ. ಫ್ರೆಂಚ್ ಓಪನ್‌ನಲ್ಲಿ 14 ಸಲ ಗೆದ್ದವರು 2024ರಲ್ಲಿ ಅದೇ ಅಂಗಳದಲ್ಲಿ ಮೊದಲ ಸುತ್ತಿನಲ್ಲೇ ಜ್ವೆರೆವ್ ಅವರಿಗೆ ಸೋತರು. ಆ ವರ್ಷದ ಒಲಿಂಪಿಕ್ಸ್‌ನಲ್ಲಿ ಜೊಕೊವಿಚ್ ಅವರಿಗೆ ಸುಲಭವಾಗಿ ಮಣಿದರು, ನವೆಂಬರ್‌ನಲ್ಲಿ ಮಲಗಾದ ಡೇವಿಸ್ ಕಪ್ ಪಂದ್ಯದಲ್ಲಿ ಎಲ್ಲವೂ ಮುಗಿಯಿತು. ನಾನು ಫಲಿತಾಂಶ ಓದಿ ಸುಮ್ಮನಾಗುತ್ತಿದ್ದೆ. ಅಭಿಮಾನವಿದ್ದರೆ ಕೊನೆಯ ಪಂದ್ಯದವರೆಗೂ ಕಣ್ಣಿಟ್ಟು ನೋಡಲೇಬೇಕೆಂಬ ನಿಯಮವಿಲ್ಲ. ನೋವಾದರೆ ಕೆಲವು ತಿಂಗಳು ದೂರವಿರಿ.

ಕ್ಲಬ್ ಮಟ್ಟದಲ್ಲಿ ಆಡುವವರು

ನಿಮ್ಮ ಕೊನೆಯ ಪ್ರಶ್ನೆಗೆ, ಅಂದರೆ ಆಟದಲ್ಲಿ ಏನು ಉಳಿದಿದೆ ಎಂಬುದಕ್ಕೆ, ಉತ್ತರಿಸಲು ಯತ್ನಿಸುತ್ತೇನೆ. ವೃತ್ತಿಪರ ಟೆನಿಸ್‌ನ ಈಗಿನ ಸ್ಥಿತಿಯ ಬಗ್ಗೆ ನನಗೆ ಅಸಮಾಧಾನಗಳಿವೆ. ಹೊಸ ವರ್ಷದ ಹೊಸ್ತಿಲಲ್ಲಿ ಆರಂಭವಾಗುವ ಋತು ನವೆಂಬರ್‌ವರೆಗೂ ಮುಗಿಯುವುದಿಲ್ಲ. ಒಂದು ವಾರದಲ್ಲಿ ಮುಗಿಯುತ್ತಿದ್ದ, ಗ್ರ್ಯಾನ್ ಸ್ಲಾಮ್‌ಗಳ ನಂತರದ ದರ್ಜೆಯ ಮಾಸ್ಟರ್ಸ್ 1000 ಟೂರ್ನಿಗಳಲ್ಲಿ ಬಹುಪಾಲು ಈಗ ಹನ್ನೆರಡು ದಿನಗಳಿಗೆ ಹಿಗ್ಗಿವೆ. ರ‍್ಯಾಂಕಿಂಗ್ ಪಾಯಿಂಟ್‌ಗಳು 52 ವಾರಗಳ ಬಳಿಕ ಕಳಚಿಹೋಗುವುದರಿಂದ, ಗಾಯಗೊಂಡವರು ವಿಶ್ರಾಂತಿ ಪಡೆದರೆ ಕೆಳಗಿಳಿಯುತ್ತಾರೆ. ಕೆಳಗಿಳಿದರೆ ಶ್ರೇಯಾಂಕ ತಪ್ಪಿ ಆರಂಭದ ಸುತ್ತುಗಳಲ್ಲೇ ಬಲಿಷ್ಠರು ಎದುರಾಗುತ್ತಾರೆ. ವಯಸ್ಸಾದ ಚಾಂಪಿಯನ್ನರ ಕುಸಿತ ನಮಗೆ ಇದ್ದದ್ದಕ್ಕಿಂತ ಕಡಿದಾಗಿ ಕಾಣುವುದಕ್ಕೆ ಈ ವ್ಯವಸ್ಥೆಯೂ ಒಂದು ಕಾರಣ. ನೂರರಾಚೆಯ ಕ್ರಮಾಂಕದವರು ಪ್ರಯಾಣ, ತರಬೇತುದಾರ, ಫಿಸಿಯೊ ಎಲ್ಲದರ ವೆಚ್ಚವನ್ನೂ ತಮ್ಮ ಗಳಿಕೆಯಿಂದಲೇ ಹೊಂದಿಸಬೇಕು. 2020ರಲ್ಲಿ ಜೊಕೊವಿಚ್ ಅವರು ವಾಸೆಕ್ ಪೊಸ್ಪಿಸಿಲ್ ಜೊತೆಗೂಡಿ ಆಟಗಾರರ ಸಂಘ ಕಟ್ಟಿದ್ದು ಇಂಥ ವಿಷಯಗಳಿಗಾಗಿ. 2025ರ ಮಾರ್ಚ್‌ನಲ್ಲಿ ಆ ಸಂಘ ಟೆನಿಸ್‌ನ ಆಡಳಿತ ಸಂಸ್ಥೆಗಳ ವಿರುದ್ಧ ಮೊಕದ್ದಮೆ ಹೂಡಿದೆ. ನಿಮ್ಮ ಮೆಚ್ಚಿನ ಆಟಗಾರರ ಸಾಧನೆಗಳಲ್ಲಿ ಇದನ್ನೂ ಎಣಿಸಿಕೊಳ್ಳಬೇಕೆಂದು ನನ್ನ ಭಾವನೆ.

ಆಟದ ಶೈಲಿ ಏಕರೂಪವಾಗಿದೆ ಎಂಬ ದೂರಿನಲ್ಲೂ ಹುರುಳಿದೆ. ವಿಂಬಲ್ಡನ್ 2001ರಲ್ಲಿ ಪೂರ್ತಿ ರೈ ಹುಲ್ಲಿಗೆ ಬದಲಾದ ಮೇಲೆ ಚೆಂಡು ಹೆಚ್ಚು ನಿಶ್ಚಿತವಾಗಿ ಪುಟಿಯತೊಡಗಿತು, ಪಾಲಿಯೆಸ್ಟರ್ ತಂತಿಗಳಿಂದಾಗಿ ಜೋರಾಗಿ ಹೊಡೆದ ಚೆಂಡೂ ತಿರುಗಿ ಅಂಗಳದೊಳಗೇ ಬೀಳತೊಡಗಿತು, ಇವೆರಡರ ನಡುವೆ ಸರ್ವ್ ಮಾಡಿ ನೆಟ್‌ಗೆ ಓಡುವ ಆಟ ಬಹುಮಟ್ಟಿಗೆ ಮರೆಯಾಯಿತು. 2024ರ ಫೆಬ್ರುವರಿಯಲ್ಲಿ, 1973ರಲ್ಲಿ ರ‍್ಯಾಂಕಿಂಗ್ ಆರಂಭವಾದಾಗಿನಿಂದ ಮೊದಲ ಬಾರಿಗೆ, ಪುರುಷರ ಮೊದಲ ಹತ್ತರಲ್ಲಿ ಒಂಟಿಗೈ ಬ್ಯಾಕ್‌ಹ್ಯಾಂಡ್‌ನವರು ಯಾರೂ ಇರಲಿಲ್ಲ. 2024 ಮತ್ತು 2025ರ ಎಂಟೂ ಪುರುಷರ ಗ್ರ್ಯಾನ್ ಸ್ಲಾಮ್‌ಗಳನ್ನು ಸಿನ್ನರ್ ಮತ್ತು ಅಲ್ಕರಾಜ್ ಸಮನಾಗಿ ಹಂಚಿಕೊಂಡಿದ್ದಾರೆ.

ಇಷ್ಟಾದರೂ ಆಟ ಬರಡಾಗಿದೆ ಎಂದರೆ ನಾನು ಒಪ್ಪಲಾರೆ. ಈ ವರ್ಷದ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಅಲ್ಕರಾಜ್ ಮೂರು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು 5 ಗಂಟೆ 29 ನಿಮಿಷ ಆಡಿ ಗೆದ್ದದ್ದನ್ನು ನೀವು ಜೊಕೊವಿಚ್ ಇಲ್ಲವೆಂದು ಬಿಟ್ಟಿದ್ದರೆ ಈಗಲಾದರೂ ನೋಡಿ. ಮಹಿಳೆಯರಲ್ಲಿ ಈ ವರ್ಷ ನಾಲ್ಕು ಗ್ರ್ಯಾನ್ ಸ್ಲಾಮ್‌ಗಳಿಗೆ ನಾಲ್ವರು ಬೇರೆ ಬೇರೆ ಚಾಂಪಿಯನ್ನರು: ಕೀಸ್, ಗಾಫ್, ಶ್ವಾಂಟೆಕ್, ಸಬಲೆಂಕಾ. ಮೊದಲ ಗ್ರ್ಯಾನ್ ಸ್ಲಾಮ್ ಗೆದ್ದಾಗ ಮ್ಯಾಡಿಸನ್ ಕೀಸ್ ಅವರಿಗೆ 29 ವರ್ಷ. ಅಕ್ಟೋಬರ್‌ನಲ್ಲಿ ಶಾಂಘೈ ಮಾಸ್ಟರ್ಸ್ ಸೆಮಿಫೈನಲ್‌ನಲ್ಲಿ ಜೊಕೊವಿಚ್ ಅವರನ್ನು ಸೋಲಿಸಿದ ವ್ಯಾಲೆಂಟಿನ್ ವಶೆರೊ ಅರ್ಹತಾ ಸುತ್ತಿನಿಂದ ಬಂದ 204ನೇ ಕ್ರಮಾಂಕದ ಆಟಗಾರ. ಅವರು ಫೈನಲ್‌ನಲ್ಲಿ ತಮ್ಮ ಸೋದರ ಸಂಬಂಧಿ ರಿಂಡರ್‌ನೆಕ್ ಅವರನ್ನೇ ಮಣಿಸಿ ಪ್ರಶಸ್ತಿ ಗೆದ್ದರು. ನಿಮಗೆ ಅದು ಮತ್ತೊಂದು ಸೋಲಾಗಿ ಕಂಡಿರಬಹುದು. ಟೆನಿಸ್‌ಗೆ ಅದು ಈ ವರ್ಷದ ಅತ್ಯಂತ ದೊಡ್ಡ ಸಂತೋಷಗಳಲ್ಲಿ ಒಂದಾಗಿತ್ತು.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಶಾಂಘೈ ಪಂದ್ಯವನ್ನು ನಾನು ಆ ಕಣ್ಣಿನಿಂದ ನೋಡಿರಲಿಲ್ಲ. ಇನ್ನೊಂದು ಸಂದೇಹವಿದೆ. ಮುಂದೆ ಜೊಕೊವಿಚ್ ಅವರ ಕ್ರಮಾಂಕ ಕುಸಿದು ವೈಲ್ಡ್ ಕಾರ್ಡ್ (ಕ್ರಮಾಂಕ ಸಾಲದಿದ್ದರೂ ಆಯೋಜಕರು ಕೊಡುವ ನೇರ ಪ್ರವೇಶ) ಪಡೆದು ಆಡುವಂತಾದರೆ, ಅದು ಕಿರಿಯರ ಅವಕಾಶವನ್ನು ಕಸಿದಂತಾಗುವುದಿಲ್ಲವೇ?

ಮರ್ರೆ ಅಭಿಮಾನಿ

ಈ ಪ್ರಶ್ನೆ ಆ್ಯಂಡಿ ಮರ್ರೆ ಅವರ ಕೊನೆಯ ವರ್ಷಗಳಲ್ಲಿ ನಮ್ಮ ನಡುವೆಯೂ ಬಿಸಿಬಿಸಿಯಾಗಿ ಚರ್ಚೆಯಾಗಿತ್ತು. ಆಕ್ಷೇಪದಲ್ಲಿ ಸತ್ಯಾಂಶವಿದೆ. ಈ ವರ್ಷ ಫ್ರೆಂಚ್ ಓಪನ್‌ನಲ್ಲಿ ವೈಲ್ಡ್ ಕಾರ್ಡ್ ಪಡೆದ 361ನೇ ಕ್ರಮಾಂಕದ ಲೋಯಿಸ್ ಬ್ವಾಸನ್ ಸೆಮಿಫೈನಲ್‌ವರೆಗೂ ಹೋದರು. ಇಂಥ ಒಬ್ಬರಿಗೆ ಸಿಗಬಹುದಾದ ಸ್ಥಾನವನ್ನು ಬರೀ ಹೆಸರಿನ ಮೇಲೆ ಕೊಟ್ಟರೆ ಅನ್ಯಾಯವೇ. ಆದರೆ ಹಳೆಯ ಚಾಂಪಿಯನ್ನರೆಲ್ಲ ಬರೀ ಹೆಸರಿನ ಮೇಲೆ ಆಡುತ್ತಾರೆಯೇ? 1991ರಲ್ಲಿ ವೈಲ್ಡ್ ಕಾರ್ಡ್ ಪಡೆದ ಜಿಮ್ಮಿ ಕಾನರ್ಸ್ 39ನೇ ವಯಸ್ಸಿನಲ್ಲಿ ಅಮೆರಿಕ ಓಪನ್ ಸೆಮಿಫೈನಲ್ ತಲುಪಿದ್ದರು. ವೀನಸ್ ವಿಲಿಯಮ್ಸ್ ಈ ಜುಲೈನಲ್ಲಿ 45ನೇ ವಯಸ್ಸಿನಲ್ಲಿ ವಾಷಿಂಗ್ಟನ್‌ನಲ್ಲಿ ಸಿಂಗಲ್ಸ್ ಪಂದ್ಯ ಗೆದ್ದರು. ಮರ್ರೆ 2019ರಲ್ಲಿ ಸೊಂಟದ ಕೀಲಿಗೆ ಲೋಹ ಅಳವಡಿಸಿಕೊಂಡು, ಅದೇ ವರ್ಷ ಆಂಟ್‌ವರ್ಪ್‌ನಲ್ಲಿ ಪ್ರಶಸ್ತಿ ಗೆದ್ದು, 2023ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಎರಡು ಸೆಟ್ ಹಿಂದಿದ್ದೂ ಕೊಕಿನಾಕಿಸ್ ಎದುರು ಐದೂಮುಕ್ಕಾಲು ಗಂಟೆ ಹೋರಾಡಿ ಬೆಳಗಿನ ಜಾವ ನಾಲ್ಕರ ನಂತರ ಗೆದ್ದರು. ಹೀಗೆ ಪೈಪೋಟಿ ಕೊಡಬಲ್ಲವರೆಗೆ ಆ ಸ್ಥಾನಕ್ಕೆ ಅವರು ಅರ್ಹರು. ಒಂದು ಸೆಟ್ಟೂ ಹೋರಾಡಲಾಗದ ಸ್ಥಿತಿ ಬಂದಾಗ ವಿದಾಯದ ಒಂದು ಟೂರ್ನಿ ಸಾಕು ಎಂಬುದು ನನ್ನ ಅಭಿಪ್ರಾಯ.

ಡಬಲ್ಸ್ ಪ್ರಿಯರು

ಡಬಲ್ಸ್ ಕಡೆಗೂ ಗಮನ ಕೊಡಿ ಎಂದು ಹೇಳಲು ಬಂದೆ. ಮೊಣಕಾಲುಗಳ ನೋವಿನೊಂದಿಗೇ ಆಡುತ್ತಿದ್ದ ರೋಹನ್ ಬೋಪಣ್ಣ 2024ರಲ್ಲಿ 43ನೇ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು, ಡಬಲ್ಸ್‌ನಲ್ಲಿ ಅಗ್ರ ಕ್ರಮಾಂಕಕ್ಕೇರಿದ ಅತಿ ಹಿರಿಯ ಆಟಗಾರರಾದರು. ಅಂಗಳ ಅರ್ಧ ಪಾಲಾದಾಗ ಕಾಲಿನ ವೇಗಕ್ಕಿಂತ ಸರ್ವ್, ರಿಟರ್ನ್ ಮತ್ತು ನೆಟ್ ಬಳಿಯ ಕೈಚಳಕಕ್ಕೆ ಬೆಲೆ ಹೆಚ್ಚು. ಅನುಭವ ಏನು ಮಾಡಬಲ್ಲದು ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಜೊಕೊವಿಚ್ ಅವರ ವಿಷಯದಲ್ಲಿಯೂ ಒಂದು ಸಲಹೆ. ಮುಂದಿನ ವರ್ಷ ಅವರ ಮೊದಲ ಮೂರು ಸುತ್ತುಗಳನ್ನು ತಪ್ಪಿಸಬೇಡಿ. ಸೆಮಿಫೈನಲ್‌ಗೆ ಬಂದರೆ ನೋಡೋಣವೆಂದು ಕಾದು ಕೂತರೆ ನಿಮಗೆ ಸಿಗುವುದು ಅವರು ಅತ್ಯಂತ ದಣಿದಿರುವ ದಿನದ ಆಟ. ಮೊದಲ ವಾರದಲ್ಲಿ, ಕಾಲುಗಳು ಹಗುರವಾಗಿರುವಾಗ, ಎದುರಾಳಿಯ ಎರಡನೇ ಸರ್ವ್ ಅನ್ನು ಬೇಸ್‌ಲೈನ್‌ನ ಬುಡಕ್ಕೇ ಮರಳಿಸುವ ಅವರ ರಿಟರ್ನ್ ಇಂದಿಗೂ ಹಾಗೆಯೇ ಇದೆ.