ಆರ್‌ಟಿಐ ಪ್ರತಿಯಲ್ಲಿ ‘ರಿಡ್ಯಾಕ್ಟ್’ ಅಂದ್ರೇನು?

ಪ್ರಶ್ನೆ (ಗಂಗಾವತಿ): ಕಾಲುವೆ ರಿಪೇರಿಯ ಬಿಲ್ ಕೇಳಿ ಆರ್‌ಟಿಐ ಹಾಕಿದ್ದೆ. ಗುತ್ತಿಗೆದಾರರ ಬ್ಯಾಂಕ್ ಖಾತೆ, ಫೋನ್ ನಂಬರ್ ಮೇಲೆ ಕಪ್ಪು ಬಳಿದು ‘ರಿಡ್ಯಾಕ್ಟ್ ಮಾಡಿದೆ’ ಅಂತ ಬರೆದಿದ್ದಾರೆ. ಹೀಗೆ ಮಾಡಬಹುದಾ?

ಉತ್ತರ (ರಾಯಚೂರು): ಮಾಡಬಹುದು ಅಣ್ಣ. ಗುಟ್ಟಾಗಿರಬೇಕಾದ ಭಾಗ ಮುಚ್ಚಿ ಉಳಿದದ್ದನ್ನು ಕೊಡುವುದು, ಅಷ್ಟೇ. 2005ರ ಮಾಹಿತಿ ಹಕ್ಕು ಕಾಯ್ದೆಯ 10ನೇ ಸೆಕ್ಷನ್. ಆದ್ರೆ ಕಾರಣ ಬರೆದು ತಿಳಿಸಬೇಕು. ಬಿಲ್ ಮೊತ್ತವನ್ನೇ ಮುಚ್ಚಿದ್ದರೆ ಬಿಡಬೇಡಿ, 30 ದಿನದೊಳಗೆ ಮೇಲ್ಮನವಿ ಹಾಕಿ.

ಪ್ರಶ್ನೆ ಕೇಳಿದವರು: ಮೊತ್ತ ಕಾಣುತ್ತೆ. ಕಾರಣ ಮಾತ್ರ ಬರೆದಿಲ್ಲ.

ಉತ್ತರ (ಬಳ್ಳಾರಿ, ಜೆರಾಕ್ಸ್ ಅಂಗಡಿ): ನಮ್ಮಲ್ಲಿಗೆ ಬರುವವರು ಆಧಾರ್ ನಂಬರ್ ಮೇಲೆ ಮಾರ್ಕರ್ ಬಳಿಯುತ್ತಾರೆ. ಬೆಳಕಿಗೆ ಹಿಡಿದರೆ ಅಂಕಿ ಕಾಣುತ್ತೆ! ಪಿಡಿಎಫ್ ಮೇಲೆ ಸುಮ್ನೆ ಕಪ್ಪು ಚೌಕ ಇಟ್ಟರೂ ಅಡಿಯ ಅಕ್ಷರ ಕಾಪಿ ಆಗಬಹುದು. ಮಾಸ್ಕ್ ಮಾಡಿದ ಆಧಾರ್ ಡೌನ್‌ಲೋಡ್ ಮಾಡಿಕೊಳ್ಳಿ, ಕೊನೆಯ 4 ಅಂಕಿ ಮಾತ್ರ ಇರುತ್ತೆ.