ಅರಿವು ವಿಶ್ವದ ಮೂಲಗುಣವೇ?

ಪ್ರಶ್ನೆ (ಶಿರಸಿ): ತೋಟದ ಬದುವಿನಲ್ಲಿ ಮುಟ್ಟಿದರೆ ಮುನಿಯ ಎಲೆಗಳು, ಬೆರಳು ತಾಗಿದ ಕಡೆಯಿಂದ ಜೋಡಿ ಜೋಡಿಯಾಗಿ ಮಡಚಿಕೊಳ್ಳುವುದನ್ನು ನೋಡುವಾಗ, ದ್ರವ್ಯರಾಶಿ, ವಿದ್ಯುದಾವೇಶಗಳಂತೆ ಅರಿವೂ ವಿಶ್ವದ ಮೂಲಗುಣವಾಗಿರಬಹುದೇ ಎಂಬ ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಕಾರವಾರ): ಆ ಮಡಚಿಕೆಗೆ ಎಲೆಯ ಬುಡದ ಕೋಶಗಳಿಂದ ಅಯಾನುಗಳೂ (ವಿದ್ಯುದಾವೇಶವುಳ್ಳ ಕಣಗಳು) ನೀರೂ ಹೊರಹೋಗುವುದೇ ಸಾಕಾದ ಕಾರಣ. ಆದರೆ ಮಿದುಳಿನ ಕ್ರಿಯೆಗಳನ್ನೆಲ್ಲ ಹೀಗೆಯೇ ವಿವರಿಸಿದ ಮೇಲೂ, ಅವುಗಳ ಜೊತೆಗೆ ಅನುಭವವೇಕೆ ಇರಬೇಕು ಎಂಬುದು ಉಳಿಯುತ್ತದೆ. ಇದನ್ನೇ ತತ್ತ್ವಶಾಸ್ತ್ರಜ್ಞ ಡೇವಿಡ್ ಚಾಲ್ಮರ್ಸ್ 1995ರಲ್ಲಿ ‘ಕಠಿಣ ಸಮಸ್ಯೆ’ ಎಂದು ಕರೆದು, ಅನುಭವವನ್ನು ಮೂಲಭೂತವೆಂದೇ ಪರಿಗಣಿಸಬಹುದೆಂದು ವಾದಿಸಿದರು. ನನಗೆ ಅದು ಸರಿಯೆನಿಸುತ್ತದೆ.

ಉತ್ತರ (ಕುಮಟಾ): ವಾದ ಗಂಭೀರವಾದದ್ದೇ, ಆದರೂ ನಾನು ಒಪ್ಪಲಾರೆ. ಕಣಕಣದಲ್ಲೂ ಅರಿವಿನ ಅಂಶವಿದ್ದರೆ, ಅವೆಲ್ಲ ಸೇರಿ ‘ನಾನು’ ಎಂಬ ಒಂದೇ ಅನುಭವವಾಗುವುದು ಹೇಗೆ? ಕಣಗಳೆಲ್ಲ ಹಾಗೆಯೇ ಇರುವಾಗ ಅರಿವಳಿಕೆ ಮದ್ದು ಅದನ್ನು ಅಳಿಸುವುದಾದರೂ ಹೇಗೆ?